ಪ್ರಬಂಧಗಳ ಲೆಕ್ಕ, ಸಂಶೋಧಕರ ತೂಕ

ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳಲ್ಲಿ ವೈದ್ಯರು ಹೊರರೋಗಿಗಳನ್ನು ನೋಡಬೇಕು, ಪಾಠ ಹೇಳಬೇಕು, ಬಡ್ತಿಗಾಗಿ ಸಂಶೋಧನಾ ಪ್ರಬಂಧಗಳನ್ನೂ ಪ್ರಕಟಿಸಬೇಕು. ಈ ಮೂರನೆಯ ನಿಯಮ ದೇಶದ ಎಲ್ಲ ವೈದ್ಯಕೀಯ ಕಾಲೇಜುಗಳಿಗೂ ಅನ್ವಯಿಸುತ್ತದೆ. ಕ್ಯಾನ್ಸರ್ ಸಂಶೋಧಕರೊಬ್ಬರ ಯೋಗ್ಯತೆಯನ್ನು ಪ್ರಬಂಧಗಳ ಸಂಖ್ಯೆಯಿಂದಲೂ ಇತರರ ಬರಹಗಳಲ್ಲಿ ಅವುಗಳಿಗೆ ಸಿಕ್ಕ ಉಲ್ಲೇಖಗಳ ಸಂಖ್ಯೆಯಿಂದಲೂ ಅಳೆಯಬಹುದೇ ಎಂಬ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ.

ಲೆಕ್ಕದ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಸರಳವಾದದ್ದು: ತಲಾ 20 ಬಾರಿಯಾದರೂ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಸೂಚ್ಯಂಕ 20. ಹುನಗುಂದದಿಂದಲೋ ಬಾದಾಮಿಯಿಂದಲೋ ಬಂದ, ಬೆನ್ನಿಗೆ ಯಾರೂ ಇಲ್ಲದ ಯುವ ವೈದ್ಯೆ ಆಯ್ಕೆ ಸಮಿತಿಯ ಮುಂದೆ ನಿಂತಾಗ, ಶಿಫಾರಸು ಪತ್ರಕ್ಕಿಂತ ಈ ಅಂಕಿ ಹೆಚ್ಚು ನ್ಯಾಯ ಒದಗಿಸಬಹುದು. ಅಂಕಿ ಜಾತಿ ಕೇಳುವುದಿಲ್ಲ, ಗುರುವಿನ ಹೆಸರನ್ನೂ ಕೇಳುವುದಿಲ್ಲ.

ಆದರೆ ಉಲ್ಲೇಖ ಎಂದರೆ ಸತ್ಯದ ಮುದ್ರೆಯಲ್ಲ. ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿದ್ದ ಭರತ್ ಅಗರ್ವಾಲ್ ಅರಿಶಿನದ ಕರ್ಕ್ಯುಮಿನ್ ಕುರಿತ ಸಂಶೋಧನೆಯಿಂದ ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡವರ ಸಾಲಿನಲ್ಲಿದ್ದರು. ಮುಂದೆ ಅವರ ಹಲವಾರು ಪ್ರಬಂಧಗಳನ್ನು ನಿಯತಕಾಲಿಕೆಗಳು ಹಿಂತೆಗೆದುಕೊಂಡವು. ಹಿಂತೆಗೆದುಕೊಂಡ ಪ್ರಬಂಧಗಳೂ ಉಲ್ಲೇಖಗೊಳ್ಳುತ್ತಲೇ ಇರುತ್ತವೆ ಎಂಬುದು ಈ ಕ್ಷೇತ್ರದ ಹಳೆಯ ತಲೆನೋವು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಘೋಷಣೆಯೊಂದು, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳಿಗೆ ಸರಾಸರಿ ಸಿಗುವ ಉಲ್ಲೇಖಗಳ ಲೆಕ್ಕ) ನೋಡಿ ಸಂಶೋಧಕರ ಬೆಲೆ ಕಟ್ಟಬೇಡಿ ಎಂದು ಕೇಳಿಕೊಂಡಿತು.

ನಮಗೆ ಹತ್ತಿರದ ಒಂದು ನಿದರ್ಶನ ಎರಡೂ ಪಕ್ಷಗಳಿಗೆ ಒದಗುತ್ತದೆ. ವಿಜಯಪುರದ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅಲ್ಲಿನ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯವರು ಸಂಶೋಧಕ ರಂಗಸ್ವಾಮಿ ಶಂಕರನಾರಾಯಣನ್ ಮತ್ತಿತರರೊಡನೆ ನೆರೆಯ, ಆಗಿನ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ 52 ಹಳ್ಳಿ ಗುಂಪುಗಳಲ್ಲಿ 1.31 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಅಧ್ಯಯನಕ್ಕೆ ಒಳಪಡಿಸಿದರು. ಒಮ್ಮೆ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆ ನಡೆಸಿದ ಗುಂಪಿನಲ್ಲಿ, ತಪಾಸಣೆಯಿಲ್ಲದ ಗುಂಪಿಗೆ ಹೋಲಿಸಿದರೆ, ಆ ಕ್ಯಾನ್ಸರಿನ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. 2009ರಲ್ಲಿ ಆ ಅಧ್ಯಯನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಗದಿದ್ದರೆ ಫಲಿತಾಂಶ ಬಾರ್ಶಿಯ ಕಡತಗಳಲ್ಲೇ ಉಳಿಯುತ್ತಿತ್ತು. ಆದ್ದರಿಂದ ಪ್ರಕಟಣೆ ಬರೀ ಆಡಂಬರ ಅನ್ನುವಂತಿಲ್ಲ. ಆದರೆ ಕೆಲಸ ಶುರುವಾದದ್ದು 1999ರಲ್ಲಿ. ಅಲ್ಲಿಂದ ವರ್ಷಗಟ್ಟಲೆ ಮನೆಮನೆಗೆ ಹೋದ ಕಾರ್ಯಕರ್ತರ ದುಡಿಮೆ ಯಾವ ಸೂಚ್ಯಂಕದಲ್ಲೂ ಕಾಣದು. ತಪಾಸಣೆಯಿಲ್ಲದೆ ಉಳಿದ ಹೋಲಿಕೆ ಗುಂಪಿನ ಮಹಿಳೆಯರ ಬಗ್ಗೆ ಮುಂದೆ ಎದ್ದ ನೈತಿಕ ಪ್ರಶ್ನೆಗಳೂ ಉಲ್ಲೇಖಗಳ ಎಣಿಕೆಯಲ್ಲಿ ಕಾಣುವುದಿಲ್ಲ.

ಇಳಕಲ್ಲಿನ ಒಬ್ಬ ರೋಗಿಯ ಕೇಸ್ ಶೀಟಿನಲ್ಲಿ ತಂಬಾಕು-ಸುಣ್ಣವನ್ನು ಎಷ್ಟು ವರ್ಷ, ಯಾವ ದವಡೆಯಲ್ಲಿ ಇಟ್ಟುಕೊಂಡಿದ್ದರು, ಹುಣ್ಣು ಕಂಡ ಎಷ್ಟು ತಿಂಗಳಿಗೆ ಆಸ್ಪತ್ರೆಗೆ ಬಂದರು ಎಂದು ತಪ್ಪದೆ ಬರೆದಿಡುವುದೂ ಸಂಶೋಧನೆಯೇ ಎಂದು ಲೆಕ್ಕದ ವಿರೋಧಿಗಳು ಹೇಳುತ್ತಾರೆ. ಒಪ್ಪತಕ್ಕ ಮಾತು. ಪ್ರತಿಪಕ್ಷದ ಉತ್ತರವೂ ಅಷ್ಟೇ ನೇರ: ಬರೆದಿಟ್ಟದ್ದನ್ನು ಹತ್ತು ಜನ ತಜ್ಞರ ಪರಿಶೀಲನೆಗೆ ಒಡ್ಡದಿದ್ದರೆ ಅದರಲ್ಲಿನ ತಪ್ಪು ತಿದ್ದುವವರು ಯಾರು? ಪ್ರಕಟಿಸಲು ಬಿಡುವಿಲ್ಲದ್ದಕ್ಕೆ ಕೊಡುವ ರೋಗಿಗಳ ಒತ್ತಡವೆಂಬ ಕಾರಣ ಕೆಲವೊಮ್ಮೆ ನಿಜ, ಕೆಲವೊಮ್ಮೆ ನೆಪ. (ಎರಡನ್ನೂ ಎಲ್ಲರೂ ಕಂಡಿದ್ದೇವೆ.)

ಆದ್ದರಿಂದ ಲೆಕ್ಕವನ್ನು ಕೈಬಿಡುವುದಕ್ಕಿಂತ ಅದನ್ನು ಹೊಸ್ತಿಲಲ್ಲೇ ನಿಲ್ಲಿಸುವುದು ಮೇಲೆಂದು ತೋರುತ್ತದೆ. ಅರ್ಜಿದಾರರು ತಾವೇ ಆರಿಸಿದ ನಾಲ್ಕೈದು ಕೆಲಸಗಳನ್ನು ಸಲ್ಲಿಸಲಿ. ಅವುಗಳಲ್ಲಿ ಒಂದು ಊರಿನ ರೋಗದಾಖಲೆಯೂ ಆಗಿರಬಹುದು. ಹೊರಗಿನ ಇಬ್ಬರು ತಜ್ಞರು ಅವನ್ನು ಓದಿ ಅಭಿಪ್ರಾಯವನ್ನು ಲಿಖಿತವಾಗಿ ಕೊಡಲಿ. ಇದಕ್ಕೆ ಸಮಯ ಹಿಡಿಯುತ್ತದೆ, ತಜ್ಞರ ಪಕ್ಷಪಾತವೂ ನುಸುಳಬಹುದು. ಅಂಥಲ್ಲಿ ಸೂಚ್ಯಂಕ ಪಕ್ಕದಲ್ಲಿದ್ದರೆ ಒಳ್ಳೆಯದೇ. ಕೇವಲ ಸಂಖ್ಯೆ ನೋಡಿ ಬಡ್ತಿ ಕೊಡುವ, ಇಲ್ಲವೇ ನಿರಾಕರಿಸುವ ಸಮಿತಿಗಳು ಕನಿಷ್ಠ ಒಂದು ಪ್ರಬಂಧವನ್ನಾದರೂ ಪೂರ್ತಿ ಓದಿ ತೀರ್ಮಾನಿಸಲಿ.