ಉಡಿ ತುಂಬುವ ಕೈ, ಪಾಲು ಕಸಿಯುವ ಕೈ



ಸ್ತ್ರೀಯನ್ನು ದೇವಿಯೆಂದು ಪೂಜಿಸುವ ನಾಡು ನಮ್ಮದೆಂದು ನಾವು ವೇದಿಕೆಯ ಮೇಲೆ ಮೇಲಿಂದ ಮೇಲೆ ಹೇಳಿಕೊಳ್ಳುತ್ತೇವೆ. ಅದು ಸುಳ್ಳಲ್ಲ. ನವರಾತ್ರಿಯಲ್ಲಿ ದೇವಿಯ ಪುರಾಣ ಹಚ್ಚುತ್ತೇವೆ. ಗ್ರಾಮದೇವತೆಗೆ ಉಡಿ ತುಂಬುತ್ತೇವೆ. 1580ರಲ್ಲಿ ಬಾಲಕ ಇಬ್ರಾಹಿಂ ಆದಿಲಶಾಹನ ಪರವಾಗಿ ರಾಜ್ಯಭಾರ ವಹಿಸಿದ, 1595-96ರಲ್ಲಿ ಅಹಮದನಗರದ ಕೋಟೆಯನ್ನು ಮೊಗಲ ಸೇನೆಯೆದುರು ಕಾಪಾಡಿದ ಚಾಂದಬೀಬಿಯ ಹೆಸರಿನ ಬಾವಡಿಯನ್ನು ವಿಜಯಪುರಕ್ಕೆ ಬಂದ ಅತಿಥಿಗಳಿಗೆ ಅಭಿಮಾನದಿಂದ ತೋರಿಸುತ್ತೇವೆ. 2003ರಲ್ಲಿ ಇಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಬಂದಾಗ ನಾವೆಲ್ಲರೂ ಹಿಗ್ಗಿದೆವು.

ಆದರೆ ಸ್ವಂತ ಮನೆಯ ಮಗಳಿಗೆ ಪಾಲು ಕೊಡುವ ಹೊತ್ತು ಬಂದಾಗ ಈ ಭಕ್ತಿ ಎಲ್ಲಿ ಅಡಗುತ್ತದೆ?

ತಿಕೋಟಾ, ಬಬಲೇಶ್ವರ ಭಾಗದ ಭೂಮಿ ಇಂದು ಹಿಂದಿನ ಬರಡು ಭೂಮಿಯಲ್ಲ. ದ್ರಾಕ್ಷಿಯ ಪಡಗಳು ಎದ್ದಿವೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಹರಿದಿದೆ. ಭೂಮಿಗೆ ಬೆಲೆ ಬಂದಂತೆ ಹೆಣ್ಣುಮಕ್ಕಳ ಸಹಿಗೂ ಬೆಲೆ ಬಂದಿದೆ! ಪಂಚಮಿಗೆ ತಂಗಿಯನ್ನು ಕರೆಯಬಂದ ಅಣ್ಣನೇ ಮರುದಿನ ಅವಳನ್ನು ನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದುಂಟು. ಉಡಿಯಲ್ಲಿ ಐದು ಕೊಬ್ಬರಿ ಬಟ್ಟಲು, ಉತಾರದಲ್ಲಿ ಶೂನ್ಯ!

ಇಂಥ ಭಕ್ತಿ ನಮ್ಮಲ್ಲಿ ಮಾತ್ರ ಕಂಡುದಲ್ಲ. ಪ್ರಾಚೀನ ಗ್ರೀಸಿನ ಅಥೆನ್ಸ್ ನಗರವು ಅಥೀನಾ ದೇವಿಯ ಹೆಸರನ್ನೇ ಹೊತ್ತಿತ್ತು. ಬೆಟ್ಟದ ಮೇಲೆ ಆಕೆಗೆ ಭವ್ಯ ಮಂದಿರ. ಕೆಳಗಿನ ಮನೆಗಳಲ್ಲಿ ಹೆಣ್ಣಿಗೆ ಭೂಮಿಯ ಒಡೆತನವಿಲ್ಲ, ಸಭೆಯಲ್ಲಿ ಮಾತಿಲ್ಲ. ಗಂಡುಸಂತಾನವಿಲ್ಲದ ತಂದೆಯ ಮಗಳನ್ನು, ಆಸ್ತಿ ಕುಲದಲ್ಲೇ ಉಳಿಯಲೆಂದು, ಹತ್ತಿರದ ದಾಯಾದಿ ಮದುವೆಯಾಗಬಹುದಿತ್ತು. ದೇವತೆಗೆ ಬೆಟ್ಟ, ಮಗಳಿಗೆ ಬರಿಗೈ! ನಾವು ಯಾರ ಶಿಷ್ಯರು, ಅಥೆನ್ಸಿನವರೋ ಬಸವಣ್ಣನವರೋ?

ಬಸವಣ್ಣನವರು ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ. ಅಕ್ಕ ನಾಗಮ್ಮನಿಗಿಲ್ಲದ ಉಪನಯನ ತನಗೂ ಬೇಡವೆಂದು ಆ ಬಾಲಕನು ಮನೆಯನ್ನೇ ಬಿಟ್ಟು ಹೊರಟನೆಂಬ ಐತಿಹ್ಯವನ್ನು ಪ್ರತಿ ಬಸವ ಜಯಂತಿಯಂದು ಕೇಳುತ್ತೇವೆ. ಸೋದರಿಗಿಲ್ಲದ್ದು ತನಗೆ ಬೇಡವೆಂದವನ ಅನುಯಾಯಿಗಳು, ಸೋದರಿಗಿರುವುದನ್ನೂ ತನಗೇ ಬೇಕೆನ್ನುವುದು ಯಾವ ಧರ್ಮ? ಹೆಣ್ಣಿನ ಕೊರಳಿಗೂ ಲಿಂಗ ಕಟ್ಟಿದ ಪರಂಪರೆ ಇದು. ಲಿಂಗದಲ್ಲಿ ಸಮಾನಳಾದವಳು ಹೊಲದ ಬದುವಿನ ಬಳಿ ಬಂದೊಡನೆ ಪರಕೀಯಳಾಗುವಳೇ?

ಕಾನೂನು ಸ್ಪಷ್ಟವಾಗಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ-ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. ಕರ್ನಾಟಕವು 1994ರಲ್ಲಿಯೇ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ನೀಡಿತು. 2005ರ ತಿದ್ದುಪಡಿ ವಿವಾಹಿತರಿಗೂ ಅದನ್ನು ವಿಸ್ತರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿತು.

"ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎಂಬರು ಕೆಲವರು. ಗಂಡುಮಗನ ಮದುವೆಯ ಖರ್ಚನ್ನು ಅವನ ಪಾಲಿನಿಂದ ಕಳೆದವರುಂಟೇ? "ಭೂಮಿ ತುಂಡಾಗುತ್ತದೆ" ಎಂಬರು ಇನ್ನು ಕೆಲವರು. ನಾಲ್ವರು ಅಣ್ಣತಮ್ಮಂದಿರು ಹರಿದು ಹಂಚಿಕೊಂಡಾಗ ತುಂಡಾಗದ ಭೂಮಿ ತಂಗಿಯ ಪಾಲಿನಿಂದ ಮಾತ್ರ ತುಂಡಾಗುವುದೇ? "ಅವಳೇ ಮನಸಾರೆ ಬಿಟ್ಟಳು" ಎಂಬುದು ಕಡೆಯ ಮಾತು. ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಬಿಟ್ಟುದು ದಾನವಲ್ಲ. ತವರನ್ನು ಉಳಿಸಿಕೊಳ್ಳಲು ತೆತ್ತ ಸುಂಕ.

ಮಠದ ಪ್ರಸಾದವುಂಡು ಓದಿ ಇಂದು ವಕೀಲರೂ ಶಿಕ್ಷಕರೂ ಅಧಿಕಾರಿಗಳೂ ಆಗಿರುವ ಹಳೆಯ ವಿದ್ಯಾರ್ಥಿಗಳೇ, ಈ ಪತ್ರಗಳನ್ನು ಬರೆಯುವವರೂ ಸಾಕ್ಷಿ ಹಾಕುವವರೂ ನಿಮ್ಮಲ್ಲಿಯೇ ಇದ್ದೀರಿ. ಲೇಖನಿ ಎತ್ತುವ ಮುನ್ನ ಆ ತಾಯಿಯನ್ನು ಒಂಟಿಯಾಗಿ ಕೂಡಿಸಿ, ಅವಳ ಪಾಲೆಷ್ಟೆಂದು ತಿಳಿಸಿ ಕೇಳಿರಿ. ಭಕ್ತರೇ, ಈ ವರ್ಷ ದೇವಿಗೆ ಉಡಿ ತುಂಬುವ ಮೊದಲು ನಿಮ್ಮ ಹೊಲದ ಉತಾರವನ್ನೊಮ್ಮೆ ತೆಗೆದು ನೋಡಿರಿ. ಅದರಲ್ಲಿ ಮಗಳ ಹೆಸರಿದ್ದರೆ ಪೂಜೆ ಸಂದಿತು. ಇಲ್ಲದಿದ್ದರೆ ದೇವಿ ಆ ಉಡಿಯನ್ನು ಒಪ್ಪಿಯಾಳೇ? ನೀವೇ ಹೇಳಿರಿ.