ನೀರ್ ಸಾಬ್‌ಗೆ ಹಾರ ಬೇಡ, ಗ್ರಾಮಸಭೆಗೆ ಹೋಗಿ

(ಮರೆತ ಮುಖಗಳು ಸರಣಿ. ಕ್ಯಾಪ್ಷನ್ ಉದ್ದ ಇದೆ, ನಾಲ್ಕು ಪೋಸ್ಟ್ ಮಾಡಿದ್ದೀನಿ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.)

1/4

ಫೋಟೋದಲ್ಲಿರೋ ಕೈಪಂಪು ನೋಡಿ. ಹಳ್ಳಿ ಕಡೆ ಇದನ್ನ ‘ಬೋರಿಂಗು’ ಅಂತಾರೆ. ನಿಮ್ಮೂರಲ್ಲೂ ಒಂದು ಇರಬಹುದು. ಹಿಡಿ ಮುರಿದಿರಬಹುದು, ಸುತ್ತ ಗಿಡಗಂಟಿ ಬೆಳೆದಿರಬಹುದು. ಮನೆಮನೆಗೆ ನಲ್ಲಿ ಬಂದಮೇಲೆ ಅದನ್ನ ಯಾರು ಕೇಳ್ತಾರೆ ಅಲ್ವಾ?

ಆದರೆ ನಿಮ್ಮ ಅಜ್ಜಿಯನ್ನ ಒಂದ್ಸಲ ಕೇಳಿ. ಬೋರಿಂಗು ಬರೋಕೆ ಮುಂಚೆ ನೀರು ಎಲ್ಲಿಂದ ತರ್ತಿದ್ರಿ ಅಂತ. ಕೆರೆ, ಹಳ್ಳ, ಮೆಟ್ಟಿಲುಬಾವಿ ಅಂತಾರೆ. ಬೇಸಿಗೆಯಲ್ಲಿ ಹಳ್ಳದ ಮರಳು ಬಗೆದು ಒರತೆ ನೀರು ತುಂಬ್ತಿದ್ವಿ ಅಂತಾರೆ. ಉತ್ತರ ಕರ್ನಾಟಕದ ಅಜ್ಜಿಯಾದರೆ ‘ನಾರುಹುಣ್ಣು’ ಅನ್ನೋ ಪದವನ್ನೂ ಹೇಳಬಹುದು. ಜನ ಇಳಿದು ನೀರು ತುಂಬೋ ಬಾವಿಗಳಿಂದ ಹರಡ್ತಿದ್ದ ರೋಗ ಅದು. ಕಾಲಿನಿಂದ ದಾರದಂಥ ಹುಳು ಹೊರಗೆ ಬರ್ತಿತ್ತು. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. ಆ ರೋಗ ಹೋಗಲು ಕಾರಣಗಳು ಹಲವು. ಅದರಲ್ಲಿ ಒಂದು, ಯಾರೂ ಕಾಲಿಡಲಾಗದ, ಮುಚ್ಚಿದ ನೀರಿನ ಮೂಲ. ಅಂದರೆ ಈ ಬೋರಿಂಗು.

1980ರ ದಶಕದಲ್ಲಿ, ಬರದ ವರ್ಷಗಳಲ್ಲಿ, ಕರ್ನಾಟಕದ ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಲೇಬೇಕು ಅಂತ ಹಟ ಹಿಡಿದ ಒಬ್ಬ ಮಂತ್ರಿ ಇದ್ದರು. ಹೆಸರು ಅಬ್ದುಲ್ ನಜೀರ್ ಸಾಬ್. ಊರು ಗುಂಡ್ಲುಪೇಟೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ. ಜನ ಅವರಿಗೆ ಇಟ್ಟ ಹೆಸರು ‘ನೀರ್ ಸಾಬ್’. ಬಿರುದು ಕೊಡೋಕೆ ಸಮಾರಂಭ ಆಗಲಿಲ್ಲ, ಫ್ಲೆಕ್ಸ್ ಕಟ್ಟಲಿಲ್ಲ. ನೀರು ಕುಡಿದವರೇ ಹೆಸರಿಟ್ಟರು.

2/4

ಇಷ್ಟೇ ಆಗಿದ್ದರೆ ‘ಒಳ್ಳೇ ಮನುಷ್ಯ, ನೀರು ಕೊಟ್ಟರು’ ಅಂತ ಮುಗಿಸಬಹುದಿತ್ತು. ಆದರೆ ನನ್ನ ಪ್ರಕಾರ ಅವರ ದೊಡ್ಡ ಕೆಲಸ ನೀರಲ್ಲ. ಅವರು ಅಧಿಕಾರ ಬಿಟ್ಟುಕೊಟ್ಟರು.

ಹೇಗೆ ಗೊತ್ತಾ? 1983ರಲ್ಲಿ ಕರ್ನಾಟಕ ವಿಧಾನಮಂಡಲ ಹೊಸ ಪಂಚಾಯತ್ ಕಾಯ್ದೆ ತಂದಿತು. ಅದರ ಹಿಂದಿನ ಶಕ್ತಿ ನಜೀರ್ ಸಾಬ್. ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆ. ಕೆಳಗೆ ಮಂಡಲ ಪಂಚಾಯತಿ, ಮೇಲೆ ಜಿಲ್ಲಾ ಪರಿಷತ್ತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಗೆದ್ದು ಬಂದರು. ಶೇ. 25ರಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ದೇಶಕ್ಕೆಲ್ಲ ಅನ್ವಯಿಸೋ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅಂದರೆ ಅದಕ್ಕೆ ಆರು ವರ್ಷ ಮೊದಲೇ ನಮ್ಮ ಹಳ್ಳಿಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಪಂಚಾಯತಿ ಕುರ್ಚಿಯಲ್ಲಿ ಕೂತಿದ್ದರು.

ಇನ್ನೂ ಒಂದು ವಿಷಯ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ ಎಲ್ಲ ಪರಿಷತ್ತಿನ ಕೈಕೆಳಗೆ. ಊರ ಶಾಲೆಗೆ ಮೇಷ್ಟ್ರು ಬರಲಿಲ್ಲ ಅಂದರೆ ಬೆಂಗಳೂರಿಗೆ ಅರ್ಜಿ ಹಿಡ್ಕೊಂಡು ಅಲೆಯೋದು ಬೇಡ. ಕೇಳಬೇಕಾದವರು ನಿಮ್ಮ ಜಿಲ್ಲೆಯಲ್ಲೇ ಇದ್ದಾರೆ, ನೀವೇ ವೋಟು ಹಾಕಿ ಕಳಿಸಿದವರು.

ಈಗ ಯೋಚ್ನೆ ಮಾಡಿ. ವಿಧಾನಸೌಧದಲ್ಲಿ ಕೂತ ಮಂತ್ರಿ, ತನ್ನ ಇಲಾಖೆಯ ದುಡ್ಡು, ಸಿಬ್ಬಂದಿ, ತೀರ್ಮಾನ ಎಲ್ಲ ಜಿಲ್ಲೆಗೆ ಹೋಗಲಿ ಅಂತ ತಾನೇ ಕಾನೂನು ಮಾಡಿಸೋದು! ಕ್ಲಾಸ್ ರೆಪ್ ಆದವರು ಒಂದು ವಾಟ್ಸಾಪ್ ಗ್ರೂಪಿನ ಅಡ್ಮಿನ್ ಸ್ಥಾನ ಬಿಟ್ಟುಕೊಡಲ್ಲ, ನಮಗೇ ಗೊತ್ತಲ್ಲ.

3/4

‘ಅಯ್ಯೋ, ಬೋರ್‌ವೆಲ್ ಕೊರೆಸಿಯೇ ಅಲ್ವಾ ಅಂತರ್ಜಲ ಹಾಳಾಗಿದ್ದು?’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ನ್ಯಾಯವಾದ ಪ್ರಶ್ನೆ. ಉತ್ತರ ಕೈಪಂಪಿನ ಹಿಡಿಯಲ್ಲೇ ಇದೆ. ಅದನ್ನ ತೋಳಲ್ಲಿ ಒತ್ತಬೇಕು. ತೋಳು ಸೋತರೆ ನೀರು ನಿಲ್ಲುತ್ತೆ. ಒಂದು ಊರು ದಿನವಿಡೀ ಒತ್ತಿದರೂ ಕುಡಿಯೋಕೆ, ಅಡುಗೆಗೆ ಆಗುವಷ್ಟೇ. ಕೋಲಾರ, ಪಾವಗಡದ ಕಡೆ ನೀರು ಪಾತಾಳಕ್ಕೆ ಇಳಿದದ್ದಕ್ಕೆ ಮುಖ್ಯ ಕಾರಣ ಹೊಲಕ್ಕೂ ತೋಟಕ್ಕೂ ಮೋಟಾರ್ ಹಾಕಿ ಎತ್ತಿದ ನೀರು, ಜೊತೆಗೆ ಹೂಳು ತುಂಬಿದ ಕೆರೆಗಳು. ಕುಡಿಯೋ ಕೊಡದ ಲೆಕ್ಕವನ್ನೂ ತೋಟದ ಲೆಕ್ಕವನ್ನೂ ಒಂದೇ ಮಾಡಬೇಡಿ. ಆದರೂ ಒಂದು ಮಾತು ಒಪ್ಪಬೇಕು. ಮೇಲೆತ್ತಿದಷ್ಟು ನೀರು ಮತ್ತೆ ಇಂಗಿಸೋ ಕೆಲಸಕ್ಕೂ ಅಷ್ಟೇ ಹಟ ಬೇಕಿತ್ತು. ಆ ಹಟ ಸರ್ಕಾರಗಳಲ್ಲಿ ಕಾಣಲಿಲ್ಲ.

ಇನ್ನೊಂದು ಆಕ್ಷೇಪ: ‘ಪಂಚಾಯತಿ ಅಂದ್ರೆ ಬರೀ ಜಗಳ, ಕಮಿಷನ್ನು.’ ಇದೆ, ಇಲ್ಲ ಅನ್ನಲ್ಲ. ಆದರೆ ಕಳ್ಳ ನಮ್ಮ ಬೀದಿಯಲ್ಲೇ ಇದ್ದರೆ ಹಿಡಿಯೋದು ಸುಲಭ. ದೂರದ ಆಫೀಸಿನಲ್ಲಿ ಕೂತಿದ್ದರೆ ಮುಖವೂ ಕಾಣಲ್ಲ.

4/4

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಅವರು ಕಟ್ಟಿದ ವ್ಯವಸ್ಥೆಗೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಐದು ವರ್ಷದ ಅವಧಿ ಮುಗಿದಾಗ, 1992ರಲ್ಲಿ, ಸಮಯಕ್ಕೆ ಚುನಾವಣೆ ಮಾಡೋ ಬದಲು ಆಡಳಿತಾಧಿಕಾರಿಗಳನ್ನ ಕೂರಿಸಿದರು. ಈಗ ಮೈಸೂರಿನಲ್ಲಿ ಪಂಚಾಯತಿ ಸದಸ್ಯರಿಗೆ ತರಬೇತಿ ಕೊಡೋ ರಾಜ್ಯ ಸಂಸ್ಥೆಗೆ ಅವರ ಹೆಸರಿದೆ. ಸಂತೋಷ. ಆದರೆ ಹೆಸರು ಗೋಡೆ ಮೇಲೆ ಇಟ್ಟು, ಕೆಲಸವನ್ನ ಮೂಲೆಗಿಟ್ಟರೆ ಅದು ಗೌರವ ಆಗುತ್ತಾ?

ಯಾಕೆ ಹೀಗೆ ಹೇಳ್ತಿದ್ದೀನಿ ಅಂದ್ರೆ: 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲಿ ಮುಗೀತು. ಅವಧಿ ಮುಗಿಯೋದರೊಳಗೆ ಹೊಸ ಚುನಾವಣೆ ಆಗಬೇಕು ಅನ್ನುತ್ತೆ ಸಂವಿಧಾನ. ಆಗಲಿಲ್ಲ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟ್ ಕೇಸು ಅಂತ ವರ್ಷಗಟ್ಟಲೆ ಎಳೆದರು. ಈ ನಡುವೆ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಚುನಾವಣೆ ಮಾತ್ರ ಮುಂದಕ್ಕೇ ಹೋಯಿತು. ಹಾಗಾಗಿ ‘ನಿಮ್ಮ ಪಾರ್ಟಿ, ನಮ್ಮ ಪಾರ್ಟಿ’ ಅಂತ ಕಾಮೆಂಟಲ್ಲಿ ಕಿತ್ತಾಡಬೇಡಿ. ಎಂಎಲ್‌ಎ ಚುನಾವಣೆ ಒಂದು ತಿಂಗಳು ತಡವಾದರೆ ಊರೆಲ್ಲ ಸುದ್ದಿ ಆಗುತ್ತೆ. ಜಿಲ್ಲಾ ಪಂಚಾಯತಿ ವರ್ಷಗಟ್ಟಲೆ ಖಾಲಿ ಕೂತರೂ ನಮ್ಮ ಫೀಡಲ್ಲಿ ಒಂದು ರೀಲ್ ಬರಲ್ಲ. ಅದೇ ನನಗೆ ಹೊಟ್ಟೆಯುರಿ.

ಹಾಗಾದರೆ ನಾವೇನು ಮಾಡಬಹುದು? ಶಾಲೆಯಲ್ಲಿದ್ದಾಗ ಮಕ್ಕಳ ಗ್ರಾಮಸಭೆಗೆ ಕರ್ಕೊಂಡು ಹೋಗಿದ್ದು ನೆನಪಿದ್ಯಾ? ಶೌಚಾಲಯ ಬೇಕು, ಕಾಂಪೌಂಡ್ ಬೇಕು ಅಂತ ಮೈಕ್ ಹಿಡಿದು ಕೇಳಿದವರು ನಮ್ಮಲ್ಲೇ ಇದ್ದೀರಿ. ಹದಿನೆಂಟು ತುಂಬಿ ಮತದಾರರ ಪಟ್ಟಿಗೆ ಹೆಸರು ಸೇರಿದ ದಿನದಿಂದ ನೀವು ದೊಡ್ಡವರ ಗ್ರಾಮಸಭೆಯ ಸದಸ್ಯರು. ಯಾರೂ ನೇಮಿಸಬೇಕಿಲ್ಲ, ಫೀಸು ಇಲ್ಲ. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ನಡೆಯಬೇಕು ಅಂತ ಕಾಯ್ದೆ ಇದೆ. ಊರಿಗೆ ಹೋದಾಗ ಪಿಡಿಒ ಅವರನ್ನ ಕೇಳಿ: ‘ಸರ್, ಮುಂದಿನ ಗ್ರಾಮಸಭೆ ಯಾವಾಗ? ಹೋದ ಸಭೆಯ ನಡಾವಳಿ ತೋರಿಸ್ತೀರಾ?’ ಎರಡೇ ಪ್ರಶ್ನೆ. ಕೇಳೋರು ಇದ್ದಾರೆ ಅಂತ ಗೊತ್ತಾದರೆ ಬಹಳ ಕಡೆ ಕೆಲಸ ತಾನಾಗೇ ಶುರುವಾಗುತ್ತೆ. ಸಿಟಿಯಲ್ಲಿ ಇರೋರು ವಾರ್ಡ್ ಸಮಿತಿ ಬಗ್ಗೆ ಇದನ್ನೇ ಕೇಳಿ.

ತೀರಿಹೋದ ರಾಜಕಾರಣಿಗೆ ಸ್ಟೋರಿಯಲ್ಲಿ ದೀಪದ ಸ್ಟಿಕರ್ ಹಾಕೋದು ಸುಲಭ, ಇಪ್ಪತ್ನಾಲ್ಕು ಗಂಟೆಗೆ ಅದೂ ಆರುತ್ತೆ. ನೀರ್ ಸಾಬ್ ನಮಗೆ ಬಿಟ್ಟುಹೋಗಿದ್ದು ಒಂದು ಕುರ್ಚಿ, ಗ್ರಾಮಸಭೆಯಲ್ಲಿ. ಅದು ಖಾಲಿ ಇದೆ. ಹೋಗಿ ಕೂತ್ಕೊಳ್ಳಿ.

ನಿಮ್ಮೂರ ಬೋರಿಂಗಿನ ಫೋಟೋ ಇದ್ದರೆ ಕಳಿಸಿ, ಊರಿನ ಹೆಸರು ಹಾಕಿ. ಕೊನೇ ಗ್ರಾಮಸಭೆ ಯಾವಾಗ ಆಯ್ತು ಅಂತಾನೂ ಬರೀರಿ.

#ನೀರ್‌ಸಾಬ್ #ಗ್ರಾಮಸಭೆ #ಮರೆತಮುಖಗಳು