ರಾಜಧಾನಿಯ ರಂಗ, ಗಡಿನಾಡಿನ ಮಕ್ಕಳು

2025ರ ಜನವರಿಯಲ್ಲಿ ಕೇರಳ ಶಾಲಾ ಕಲೋತ್ಸವವು ತಿರುವನಂತಪುರದಲ್ಲಿ ಜರುಗಿದಾಗ ಮಂಗಲಂಕಳಿ ಮೊದಲ ಬಾರಿಗೆ ಸ್ಪರ್ಧೆಗಳ ಪಟ್ಟಿಯನ್ನು ಸೇರಿತು. ನಮ್ಮ ಕಾಸರಗೋಡಿನ ಮಾವಿಲ, ವೆಟ್ಟುವ ಸಮುದಾಯಗಳ ಮದುವೆಮನೆಯ ಕುಣಿತವದು. ಅದರ ಹಾಡುಗಳಲ್ಲಿ ತುಳುವಿನ ಸೊಗಡಿದೆ. ಯಕ್ಷಗಾನಕ್ಕಂತೂ ಆ ಪಟ್ಟಿಯಲ್ಲಿ ಮೊದಲೇ ಸ್ಥಾನವಿತ್ತು. ಕುಂಬಳೆಯ ಪಾರ್ತಿಸುಬ್ಬನ ನೆಲದ ಮಕ್ಕಳು ರಾಜ್ಯದ ಇನ್ನೊಂದು ತುದಿಯಲ್ಲಿ ಗೆಜ್ಜೆ ಕಟ್ಟಿ, ಕನ್ನಡದಲ್ಲಿ ಅರ್ಥ ಹೇಳುವುದು ಸಣ್ಣ ಸಂಗತಿಯಲ್ಲ.

ಆದರೆ ರಾಜಧಾನಿಯಿಂದ ನಾವು ಬಹುಮಾನವನ್ನಷ್ಟೇ ತಂದರೆ ಸಾಲದು. ಅಲ್ಲಿ 'ಮಾರ್ಗಿ' ಎಂಬ ಸಂಸ್ಥೆಯಿದೆ. 1970ರಲ್ಲಿ ಡಿ. ಅಪ್ಪುಕುಟ್ಟನ್ ನಾಯರ್ ಅವರ ಮುಂದಾಳುತನದಲ್ಲಿ ಹುಟ್ಟಿದ ಅದು ಕಥಕಳಿ, ಕೂಡಿಯಾಟ್ಟಂಗಳ ಕಲಿಕೆಯನ್ನೂ ಪ್ರದರ್ಶನವನ್ನೂ ನಡೆಸುತ್ತ ಬಂದಿದೆ. ಕೂಡಿಯಾಟ್ಟಂ ಒಂದು ಕಾಲದಲ್ಲಿ ದೇವಾಲಯದ ಕೂತ್ತಂಬಲವನ್ನು ಬಿಟ್ಟು ಹೊರಗೆ ಕಾಲಿಡದ ಕಲೆ. ಕಲಿಯುತ್ತಿದ್ದವರೂ ಕೆಲವೇ ಕುಟುಂಬದವರು. 2001ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯೆಂದು ಸಾರಿತು. ಆ ಮನ್ನಣೆಯ ಹಿಂದೆ ಗುರುಗಳ, ಶಿಷ್ಯರ, ತಪ್ಪದೆ ಬಂದು ಕೂರುವ ಪ್ರೇಕ್ಷಕರ ದಶಕಗಳ ಶ್ರಮವಿತ್ತು.

ನಮ್ಮಲ್ಲಿ ನಡೆಯುವುದೇನು? ಉಪಜಿಲ್ಲಾ ಸ್ಪರ್ಧೆ ಹತ್ತಿರವಾದಾಗ ಗುರುಗಳನ್ನು ಕರೆಸುತ್ತೇವೆ, ವೇಷಭೂಷಣವನ್ನು ಬಾಡಿಗೆಗೆ ತರಿಸುತ್ತೇವೆ. ಫಲಿತಾಂಶ ಬಂದ ಮರುದಿನ ಚೆಂಡೆ ಮೌನವಾಗುತ್ತದೆ. 'ಎ' ಗ್ರೇಡ್ ತಪ್ಪಿದರೆ ಅಪೀಲು, ಅದೂ ಫಲಿಸದಿದ್ದರೆ ನ್ಯಾಯಾಲಯ. ಮೇಲ್ಮನವಿಯ ದಾರಿ ಇರಲೇಬೇಕು; ವಕೀಲನಾದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಗ್ರೇಡಿಗಾಗಿ ತೋರುವ ಆ ಛಲವನ್ನು ಕಲಿಕೆಗಾಗಿಯೂ ತೋರಬೇಡವೇ?

ಸಂವಿಧಾನದ 29ನೇ ವಿಧಿಯು ತಮ್ಮದೇ ಭಾಷೆ, ಲಿಪಿ ಅಥವಾ ಸಂಸ್ಕೃತಿಯುಳ್ಳ ಪ್ರಜೆಗಳಿಗೆ ಅದನ್ನು ಸಂರಕ್ಷಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಇಲ್ಲಿ ಸಂರಕ್ಷಿಸಿಕೊಳ್ಳಬೇಕಾದವರು ನಾವೇ ಎಂಬುದನ್ನು ಓದುಗರು ಗಮನಿಸಬೇಕು. ಯಾರಾದರೂ ಅಡ್ಡಬಂದರೆ ಕಾನೂನು ನೆರವಿಗೆ ನಿಂತೀತು. ನಾವಾಗಿ ಕಲಿಸದೆ ಬಿಟ್ಟದ್ದನ್ನು ಯಾವ ನ್ಯಾಯಪೀಠವೂ ಮಕ್ಕಳಿಗೆ ಕಲಿಸಿಕೊಡಲಾರದು.

ಯಕ್ಷಗಾನ ಕಲಿತ ಮಗು ತಾಳವನ್ನಷ್ಟೇ ಕಲಿಯುವುದಿಲ್ಲ. ಪ್ರಸಂಗದ ಪದ್ಯವನ್ನು ಬಿಡಿಸಿ ಓದುತ್ತದೆ, ಎದುರು ಪಾತ್ರದ ಮಾತಿಗೆ ತನ್ನದೇ ಕನ್ನಡದಲ್ಲಿ ಉತ್ತರ ಕಟ್ಟುತ್ತದೆ. ಕನ್ನಡ ಮಾಧ್ಯಮದ ಶಾಲೆಗೆ ಇದಕ್ಕಿಂತ ಒಳ್ಳೆಯ ಭಾಷಾಪಾಠ ಯಾವುದು? ಜೂನ್ ತಿಂಗಳಲ್ಲಿ ಶಾಲೆ ತೆರೆದ ಬಳಿಕ ಸೇರುವ ಮೊದಲ ಪಿ.ಟಿ.ಎ. ಸಭೆಯಲ್ಲಿ ಹೆತ್ತವರು ಒಂದು ಬೇಡಿಕೆಯನ್ನು ಮುಂದಿಡಲಿ: ವಾರಕ್ಕೊಂದು ತರಗತಿ, ವರ್ಷವಿಡೀ ಒಬ್ಬ ಗುರು. ಸ್ಪರ್ಧೆಗೆ ಆಯ್ಕೆಯಾಗದ ಮಗುವಿಗೂ ಅಲ್ಲಿ ಜಾಗವಿರಲಿ.